ನೀಲಿ ಚೀಟಿ ಅಂಟಿಸಿದ ಡಿಸ್ಕು

ಅಕ್ಕ ಬಂದಳೆಂದರೆ ಮೊದಲು ಬೀದಿಗೆ ಗೊತ್ತಾಗುತ್ತಿತ್ತು, ಆಮೇಲೆ ತಮ್ಮನಿಗೆ. ತಮ್ಮನ ಮನೆ ಮೂರನೆಯ ಮಹಡಿಯಲ್ಲಿ. ಕೆಳಗಿನ ಬೀದಿ ಬಾಗಿಲಿಗೆ ಒಳಗಿನಿಂದ ಅಗುಳಿ, ಕರೆಗಂಟೆ ಇಲ್ಲ. ಒಂದು ಗಂಟೆ ಹಾಕಿಸಿ ಎಂದು ಅವನ ಹೆಂಡತಿ ಹೇಳಿ ಹೇಳಿ ಸಾಕಾಗಿದ್ದಳು. “ನಾನು ಗಟ್ಟಿಮುಟ್ಟಾಗಿರೋವಾಗ ಗಂಟೆ ಯಾಕೆ?” ಎನ್ನುತ್ತಿದ್ದಳು ಅಕ್ಕ. ಫುಟ್‌ಪಾತಿನಲ್ಲಿ ನಿಂತು, ಒಂದು ಕೈ ಸೊಂಟದ ಮೇಲಿಟ್ಟು, ಕತ್ತೆತ್ತಿ, “ಗುಂಡೂ...” ಎಂದು ಎಳೆದಳೆಂದರೆ ಎದುರಿನ ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಯಿಂದ ಕತ್ತಿ ತೆಗೆದು, ಆ ಕೂಗು ಮುಗಿಯುವವರೆಗೆ ಕಾಯುತ್ತಿದ್ದ. ಕೈ ಅದುರಿ ಕೊಯ್ದುಬಿಟ್ಟರೆ ಯಾರು ಹೊಣೆ?

ಐವತ್ತೆಂಟು ವರ್ಷದ, ತಲೆ ಬೋಳಾದ, ದೊಡ್ಡಾಸ್ಪತ್ರೆಯಲ್ಲಿ ಜವಾಬ್ದಾರಿಯ ಕೆಲಸದಲ್ಲಿರುವ ಗಂಡಸನ್ನು ಹಾಡಹಗಲೇ ಬೀದಿಯಲ್ಲಿ ನಿಂತು ಗುಂಡ ಎಂದರೆ ಮರ್ಯಾದೆ ಉಳಿಯುತ್ತದೆಯೇ? ಅವನು ಧಡಧಡನೆ ಮೆಟ್ಟಿಲಿಳಿದು ಬಂದು ಬಾಗಿಲು ತೆಗೆದು ಗೊಣಗುತ್ತಿದ್ದ.

“ಸ್ವಲ್ಪ ಮೆಲ್ಲಗೆ ಕರಿಯೇ ಅಕ್ಕ. ಊರಿಗೆಲ್ಲ ಕೇಳುತ್ತೆ.”

“ಊರಿಗೆ ಕೇಳಿದ್ರೆ ಕೇಳಲಿ ಬಿಡು. ನಿನಗೆ ಕೇಳ್ಬೇಕಲ್ಲ, ಅದಕ್ಕೇ ಕೂಗೋದು.”

ಅಲ್ಲಿಗೆ ಮಾತು ಮುಗಿಯುತ್ತಿತ್ತು. ತಾಯಿ ತೀರಿಕೊಂಡಾಗ ಅವನಿಗೆ ಆರು, ಅವಳಿಗೆ ಹನ್ನೆರಡು. ಅವನ ತಲೆ ಬಾಚಿದ್ದು, ಮಗ್ಗಿ ಕಲಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅವಳೇ. ಸಂಜೆ ಆಟದ ಬಯಲಿನಿಂದ ಅವನನ್ನು ಊಟಕ್ಕೆ ಎಳೆತರುತ್ತಿದ್ದದ್ದೂ ಇದೇ ಕೂಗು. ಹಾಗಾಗಿ ಬಾಯಲ್ಲಿ ಎಷ್ಟೇ ಗೊಣಗಿದರೂ, ಆ ಕೂಗು ಕೇಳಿದಾಗ ಅವನಿಗೆ ಒಳಗೆ ಹಿತವಾಗುತ್ತಿತ್ತು. ಅದನ್ನು ಒಂದು ದಿನವೂ ಅವಳಿಗೆ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಅವನನ್ನು ತಟ್ಟೆ ಮಾಸ್ತರ ಎನ್ನುತ್ತಿದ್ದರು. ಎಕ್ಸ್‌ರೇ, ಸ್ಕ್ಯಾನು ಎಂದು ಆಸ್ಪತ್ರೆ ದಿನವಿಡೀ ತೆಗೆಯುವ ಚಿತ್ರಗಳನ್ನು ತಟ್ಟೆಯಂಥ ಡಿಸ್ಕಿಗೆ ಬರೆದು, ಎಷ್ಟು ವರ್ಷ ಕಳೆದರೂ ಸಿಗುವಂತೆ ಕಾಪಾಡುವುದು ಅವನ ಕೆಲಸ. ಕಂಪ್ಯೂಟರುಗಳು ಐದಾರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದವು. ಹಳೆಯದನ್ನು ಒಯ್ಯುವವರು ಅದರ ಹೊಟ್ಟೆಯಲ್ಲಿದ್ದುದನ್ನೂ ಒಯ್ದುಬಿಡುತ್ತಿದ್ದರು. ಉಳಿಯುತ್ತಿದ್ದದ್ದು ಮಾಸ್ತರನ ಡಿಸ್ಕುಗಳು ಮಾತ್ರ. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಎರಡು ಕೋಣೆ. ಗಾಳಿಯ ತೇವ ಹೀರುವ ಯಂತ್ರವೊಂದು ಮೂಲೆಯಲ್ಲಿ ಗೊರಕೆ ಹೊಡೆಯುತ್ತಿತ್ತು. ಉಕ್ಕಿನ ಕಪಾಟುಗಳಲ್ಲಿ ಹನ್ನೊಂದು ಸಾವಿರ ಡಿಸ್ಕುಗಳು ನೆಟ್ಟಗೆ ನಿಂತಿದ್ದವು. ಮಲಗಿಸಿದರೆ ಬಾಗುತ್ತವೆ ಎಂದು ಅವನು ಒಂದನ್ನೂ ಮಲಗಿಸುತ್ತಿರಲಿಲ್ಲ. ಖಾಲಿ ಡಿಸ್ಕಿನ ಡಬ್ಬದ ಮೇಲೆ ನೂರು ವರ್ಷ ಬಾಳುತ್ತದೆ ಎಂದು ಅಚ್ಚಾಗಿರುತ್ತಿತ್ತು. ನೂರು ವರ್ಷ ಕಾದು ನೋಡಿ ಬಂದವರು ಯಾರೂ ಇಲ್ಲವೆಂಬುದು ಮಾಸ್ತರನಿಗೂ ಗೊತ್ತು. ಅದಕ್ಕೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

ಗೋಡೆಯ ಮೇಲೆ ಅವನದೇ ದುಂಡು ಅಕ್ಷರದ ನಿಯಮಗಳಿದ್ದವು. ಒಂದು ದಿನದ ರೋಗಿಗಳೆಲ್ಲ ಒಂದೇ ಡಿಸ್ಕಿನಲ್ಲಿ, ನಂಬರಿನ ಪ್ರಕಾರ; ಯಾರನ್ನೂ ಬೇರೆ ಮಾಡಬೇಡಿ. ಎರಡು ಪ್ರತಿ ಬರೆಯಿರಿ. ಒಂದು ಇಲ್ಲಿ, ಇನ್ನೊಂದು ರಸ್ತೆಯಾಚೆಯ ಕಟ್ಟಡದಲ್ಲಿ. ಮೇಲೆ ಕಾಗದ ಅಂಟಿಸಬೇಡಿ. ಬಿಸಿಲಿಗೆ ಇಡಬೇಡಿ. ಹೀಗೆ ಏಳು ಇದ್ದವು. ಹೊಸದಾಗಿ ಕೆಲಸಕ್ಕೆ ಬಂದವರಿಂದ ಇವನ್ನು ಗಟ್ಟಿಯಾಗಿ ಓದಿಸಿಯೇ ಒಳಗೆ ಬಿಡುತ್ತಿದ್ದ. ಅವರು ಅವನ ಬೆನ್ನ ಹಿಂದೆ ಕಣ್ಣು ಹೊಡೆದುಕೊಂಡು ನಗುತ್ತಿದ್ದರು.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಒಂದೇ ಒಂದು ಸಲ ನಿಯಮ ಮುರಿದಿದ್ದ. ಮುರಿದದ್ದು ಅಕ್ಕನಿಗಾಗಿ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ಅಕ್ಕನಿಗೆ ಎರಡು ತಿಂಗಳು ಕೆಮ್ಮು ಬಿಡದೆ, ಎದೆಯ ಸ್ಕ್ಯಾನು ಮಾಡಿಸಿದ್ದರು. ಗಾಬರಿಯಾಗುವಂಥದ್ದೇನೂ ಇಲ್ಲವೆಂದು ಎರಡು ಸಾಲಿನ ವರದಿ ಬಂತು, ಕೆಮ್ಮೂ ಹೋಯಿತು. ಆದರೆ ಸ್ಕ್ಯಾನಿನ ಕೊಳವೆಯೊಳಗೆ ಹೋಗಿ ಬಂದ ದಿನ ಅವಳು ಹೆದರಿ ಸಣ್ಣಗಾಗಿದ್ದಳು. ನೆಲಮಾಳಿಗೆಗೆ ಇಳಿದು ಬಂದು ಆ ಕಪಾಟುಗಳ ಸಾಲು ನೋಡಿ, “ಇಷ್ಟು ಜನರ ಮಧ್ಯೆ ನನ್ನದು ಕಳೆದುಹೋದ್ರೆ ಏನೋ ಮಾಡ್ತೀಯ?” ಎಂದಳು. ಅಕ್ಕನನ್ನು ಯಾವುದೋ ಊರಿನ ಯಾರದೋ ಮೊಣಕಾಲು, ಯಾರದೋ ಹಲ್ಲಿನ ಜೊತೆ ಸೇರಿಸುವುದೇ? ಅವಳ ನಂಬರು ನಲವತ್ತೇಳು. ತಮ್ಮ ಅದನ್ನು ಆ ದಿನದ ಡಿಸ್ಕಿಗೆ ಬರೆಯದೆ ಬಿಟ್ಟ. ಅವಳಿಗೆಂದೇ, ಕಡಿಮೆ ಹಿಡಿಸುವ ಒಂದು ಹೊಸ ಡಿಸ್ಕು ತೆಗೆದು, ಹಿಂದೆ ಕಾಲು ಮುರಿದಾಗಿನದು, ಹೊಟ್ಟೆ ನೋವಿನದು, ಬೆನ್ನಿನದು ಎಲ್ಲ ಮೊದಲು ಬರೆದು, ಎದೆಯ ಸ್ಕ್ಯಾನನ್ನು ಕೊನೆಗೆ ಬರೆದ. ಡಿಸ್ಕು ಅಂಚಿನವರೆಗೂ ತುಂಬಿತು. ಆಮೇಲೆ ದುಂಡಗೆ ಕತ್ತರಿಸಿದ ನೀಲಿ ಕಾಗದದ ಚೀಟಿಯ ಮೇಲೆ ಅವಳ ಹೆಸರು ದೊಡ್ಡದಾಗಿ ಬರೆದು, ಡಿಸ್ಕಿನ ಬೆನ್ನಿಗೆ ಅಂಟಿಸಿ, ಗುಳ್ಳೆ ಏಳದಂತೆ ಹೆಬ್ಬೆರಳಿನಿಂದ ಸುತ್ತಲೂ ಒತ್ತಿದ. ಹನ್ನೊಂದು ಸಾವಿರದಲ್ಲಿ ಅದೊಂದೇ ನೀಲಿ. ಕಾಗದ ಬೇಡವೆಂಬ ನಿಯಮ ಇದ್ದದ್ದು ಯಂತ್ರದಲ್ಲಿ ಕಾಗದ ಸಿಕ್ಕಿಕೊಳ್ಳಬಾರದೆಂದು ಎಂಬುದು ಅವನ ತಿಳಿವಳಿಕೆ. ಚೆನ್ನಾಗಿ ಅಂಟಿಸಿದರೆ ಸಿಕ್ಕಿಕೊಳ್ಳುವುದಿಲ್ಲವಲ್ಲ.

ಎರಡನೆಯ ಪ್ರತಿಯನ್ನು ರಸ್ತೆಯಾಚೆಗೆ ಕಳಿಸಲಿಲ್ಲ. ಅಕ್ಕನ ಕೈಗೇ ಕೊಟ್ಟ. ನಮ್ಮದು ನಮ್ಮ ಮನೆಯಲ್ಲಿರಲಿ ಎಂದ.

ಅಲ್ಲಿಂದೀಚೆಗೆ ವರ್ಷಕ್ಕೊಮ್ಮೆ ಅವಳ ಹುಟ್ಟಿದ ದಿನ ನೀಲಿ ಚೀಟಿಯ ಡಿಸ್ಕನ್ನು ಯಂತ್ರಕ್ಕೆ ಹಾಕಿ ನೋಡುತ್ತಿದ್ದ. ಚಿತ್ರಗಳ ಪಟ್ಟಿ ಪರದೆಯ ಮೇಲೆ ಮೂಡುತ್ತಿತ್ತು. ಪಟ್ಟಿ ಸರಿಯಾಗಿದೆಯೆಂದು ತೆಗೆದು ಇಡುತ್ತಿದ್ದ. ಚಿತ್ರ ತೆರೆದು ನೋಡುತ್ತಿರಲಿಲ್ಲ. ಹೆತ್ತವಳ ಜಾಗದಲ್ಲಿ ನಿಂತವಳ ಎದೆಗೂಡನ್ನು ಇಣುಕಿ ನೋಡುವುದಕ್ಕೆ ಅವನಿಗೆ ಮುಜುಗರ.

ಈ ವರ್ಷ ಅಕ್ಕ ಮೆಟ್ಟಿಲಿನ ಮೇಲೆ ಜಾರಿ ಬಿದ್ದಳು. ಪಕ್ಕೆಲುಬು ಮುರಿದಿದೆಯೇ ಎಂದು ಮತ್ತೆ ಸ್ಕ್ಯಾನು ಮಾಡಿದರು. ಪಕ್ಕೆಲುಬು ನೆಟ್ಟಗಿತ್ತು. ಆದರೆ ಬಲ ಶ್ವಾಸಕೋಶದ ತುತ್ತತುದಿಯಲ್ಲಿ, ಕೊರಳೆಲುಬಿನ ಹಿಂದೆ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಕಲೆಯೊಂದು ಕಂಡಿತು. ಎದೆಯ ಡಾಕ್ಟರು ಅಕ್ಕತಮ್ಮ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ನೆರೆತ ಕೂದಲಿನ, ಸುತ್ತಿಬಳಸಿ ಮಾತಾಡದ ಹೆಂಗಸು.

“ಎರಡರಲ್ಲಿ ಒಂದು. ಹಳೇ ಕಾಯಿಲೆ ವಾಸಿಯಾಗಿ ಉಳಿದ ಗಾಯದ ಗುರುತಾಗಿದ್ರೆ, ಅದನ್ನ ಮುಟ್ಟೋದೇ ಬೇಡ. ಹೊಸದಾಗಿ ಬಂದದ್ದಾದ್ರೆ ಎದೆ ತೆರೆದು ತೆಗೀಬೇಕು, ಬೇಗ ತೆಗೀಬೇಕು. ಸೂಜಿ ಹಾಕಿ ನೋಡೋ ಜಾಗ ಅಲ್ಲ ಅದು, ಪಕ್ಕದಲ್ಲೇ ದೊಡ್ಡ ರಕ್ತನಾಳ. ಕಾದು ನೋಡೋಣ ಅಂದ್ರೆ, ಕೆಟ್ಟದ್ದೇ ಆಗಿದ್ರೆ ಕಾಯೋ ಅಷ್ಟು ಸಮಯ ಇಲ್ಲ. ಹಳೇ ಸ್ಕ್ಯಾನು ಏನಾದ್ರೂ ಇದೆಯಾ?”

“ವರದಿ ಇದೆ” ಎಂದ ಮಾಸ್ತರ.

“ವರದಿ ಬೇಡ. ಇಷ್ಟು ಚಿಕ್ಕದನ್ನ ಆಗ ಯಾರೂ ಬರೀತಿರಲಿಲ್ಲ. ಚಿತ್ರ ಬೇಕು. ಆಗಲೂ ಇತ್ತು, ಇಷ್ಟೇ ಇತ್ತು ಅಂತ ಕಣ್ಣಾರೆ ನೋಡಿದ್ರೆ ಇವತ್ತೇ ಮನೆಗೆ ಕಳಿಸ್ತೀನಿ.”

ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಮುಖ ಅರಳಿತು.

“ಅಯ್ಯೋ, ಅಷ್ಟೇನಾ? ಡಾಕ್ಟ್ರೇ, ನಿಮ್ಮ ತಟ್ಟೆ ಮಾಸ್ತರ ನನ್ನ ತಮ್ಮ. ನನ್ನದನ್ನ ಬೇರೆಯಾಗಿ ಇಟ್ಟಿದಾನೆ, ನನ್ನ ಹೆಸರು ಬರೆದು. ಎಲ್ಲರದೂ ಹೋದ್ರೂ ನನ್ನದು ಹೋಗಲ್ಲ.”

ಮಾಸ್ತರನಿಗೆ ಹೆಮ್ಮೆಯಾಯಿತು. ಸುಳ್ಳು ಹೇಳುವುದೇಕೆ, ಆ ಕ್ಷಣದಲ್ಲಿ ಅವನಿಗೆ ಹೆಮ್ಮೆಯೇ ಆಯಿತು. ಇಪ್ಪತ್ತೆಂಟು ವರ್ಷ ನೆಲದಡಿಯಲ್ಲಿ ಕೂತು ಮಾಡಿದ ಕೆಲಸ ಕೊನೆಗೂ ಮನೆಯವರ ಜೀವಕ್ಕೆ ಒದಗಿತಲ್ಲ ಎಂದುಕೊಂಡು, ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದ.

ನೀಲಿ ಚೀಟಿ ಕಣ್ಣು ಮುಚ್ಚಿದರೂ ಸಿಗುತ್ತಿತ್ತು. ಡಿಸ್ಕನ್ನು ಯಂತ್ರಕ್ಕೆ ಹಾಕಿದ. ಪಟ್ಟಿ ಮೂಡಿತು. ಮೊದಲು ಕಾಲು ತೆರೆಯಿತು, ಹೊಟ್ಟೆ ತೆರೆಯಿತು. ಎದೆಯ ಸ್ಕ್ಯಾನಿನಲ್ಲಿ ನೂರ ಎಂಬತ್ತೆಂಟು ಚಿತ್ರ. ಅರ್ಧದಷ್ಟು ಸಲೀಸಾಗಿ ಬಂದವು. ಆಮೇಲೆ ಯಂತ್ರ ಗುರ್ರೆಂದಿತು, ತಡವರಿಸಿತು, ಮತ್ತೆ ಗುರ್ರೆಂದಿತು. ಪರದೆ ಬೆಳ್ಳಗಾಯಿತು.

ಡಿಸ್ಕನ್ನು ಹೊರಗೆ ತೆಗೆದು ದೀಪಕ್ಕೆ ಹಿಡಿದು ನೋಡಿದ. ಅಂಚಿನ ಸುತ್ತ, ಒಂದು ಬೆರಳಗಲ, ಹೊಳಪಿನ ಬದಲು ಚಹಾ ಚೆಲ್ಲಿ ಒಣಗಿದಂಥ ಕಂದು ಬಣ್ಣ. ಚೀಟಿ ಅಂಟಿದ್ದ ಜಾಗದಲ್ಲೆಲ್ಲ ಡಿಸ್ಕು ಕೂದಲೆಳೆಯಷ್ಟು ಬಾಗಿತ್ತು.

ಮೇಲಿನ ಮಹಡಿಯ ಕಂಪ್ಯೂಟರ್ ವಿಭಾಗದ ಹುಡುಗಿಯನ್ನು ಕರೆದ. ಅವಳು ಕೆಟ್ಟ ಡಿಸ್ಕುಗಳಿಂದ ಚಿತ್ರ ಹೆಕ್ಕುವುದರಲ್ಲಿ ಪಳಗಿದವಳು. ಕೈಗವಸು ಹಾಕಿಕೊಂಡು ತಿರುಗಿಸಿ ನೋಡಿ, ಹುಬ್ಬು ಗಂಟಿಕ್ಕಿದಳು.

“ಮಾಸ್ತರೇ, ಇದಕ್ಕೆ ಕಾಗದ ಯಾರು ಅಂಟಿಸಿದ್ದು? ಅಂಟು ಹದಿನಾಲ್ಕು ವರ್ಷ ಕೂತ್ಕೊಂಡು ಒಳಗಿನ ಪದರ ತಿಂದಿದೆ. ಚಿತ್ರ ಇರೋದು ಹೊಳೆಯೋ ಕಡೆ ಅಲ್ಲ, ಈ ಬೆನ್ನಿನ ಕಡೆ. ಇದಕ್ಕೆ ಉಗುರು ತಾಗಿದ್ರೂ ಕಷ್ಟ.”

“ಪಟ್ಟಿ ಪ್ರತಿ ವರ್ಷ ಬರ್ತಿತ್ತಲ್ಲ?”

“ಪಟ್ಟಿ ಇರೋದು ಒಳಸುತ್ತಿನಲ್ಲಿ. ಕೆಡೋದು ಹೊರಗಿನ ಅಂಚಿಂದ. ಕೊನೇಲಿ ಬರೆದದ್ದು ಮೊದಲು ಹೋಗುತ್ತೆ.” ಅವಳು ಗೋಡೆಯ ನಿಯಮದ ಕಡೆ ಕೈ ತೋರಿಸಿದಳು. “ನೀವೇ ಬರೆದಿದೀರಲ್ಲ ಅಲ್ಲಿ. ಯಾರೋ ತಲೆ ಇಲ್ಲದವರು ಅಂಟಿಸಿರಬೇಕು.”

ಮಾಸ್ತರ ಗೋಡೆಯ ಕಡೆ ನೋಡದೆ ಅವಳಿಗೆ ಕುರ್ಚಿ ಎಳೆದು ಕೊಟ್ಟ.

ಅವಳು ಎರಡು ದಿನ, ನಾಲ್ಕು ಬೇರೆ ಬೇರೆ ಯಂತ್ರಗಳಲ್ಲಿ ಹಾಕಿ, ನಿಧಾನ ಮಾಡಿ, ಒರೆಸಿ, ಬೇಡಿಕೊಂಡಂತೆ ಒಂದೊಂದೇ ಚಿತ್ರ ಎಳೆದಳು. ನೂರ ಅರವತ್ತೊಂದರವರೆಗೆ ಸಿಕ್ಕವು. ಆಗಿನ ಸ್ಕ್ಯಾನು ಎದೆಯನ್ನು ಕೆಳಗಿನಿಂದ ಮೇಲಕ್ಕೆ ಸೀಳು ಸೀಳಾಗಿ ತೆಗೆಯುತ್ತಿತ್ತು. ಯಕೃತ್ತಿನ ತಲೆ ಬಂತು, ಹೃದಯ ಬಂತು, ಉಸಿರ್ನಾಳ ಕವಲಾಗುವ ಜಾಗ ಬಂತು. ಕಲೆಯ ಜಾಗಕ್ಕೆ ಎರಡು ಬೆರಳಷ್ಟು ಕೆಳಗೆ ಬಂದು ಚಿತ್ರಗಳು ನಿಂತುಹೋದವು. ಎದೆಯ ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಇದರಿಂದ ಏನೂ ಹೇಳಕ್ಕಾಗಲ್ಲ” ಎಂದು ಕಡ್ಡಿ ಮುರಿದಂತೆ ಹೇಳಿದರು.

ಇನ್ನೊಂದು ಪ್ರತಿ ಇತ್ತಲ್ಲ. ಮಾಸ್ತರ ಜೀವ ಅಂಗೈಯಲ್ಲಿ ಹಿಡಿದುಕೊಂಡು ಅಕ್ಕನ ಮನೆಗೆ ಓಡಿದ. ಅವಳು ಅಡುಗೆಮನೆಯಿಂದಲೇ, “ಒಳಕೋಣೆ ಕಿಟಕೀಲಿದೆ ನೋಡೋ, ಜೋಪಾನವಾಗಿಟ್ಟಿದೀನಿ” ಎಂದಳು. ಪೂರ್ವದ ಕಿಟಕಿಯಲ್ಲಿ, ಗಂಡನ ಫೋಟೋದ ಪಕ್ಕದಲ್ಲಿ, ಸಣ್ಣ ಮರದ ಸ್ಟ್ಯಾಂಡಿನ ಮೇಲೆ ಡಿಸ್ಕು ನಿಂತಿತ್ತು. ಒಂದು ಚೂರು ಧೂಳಿಲ್ಲ. ದಿನಾ ಒರೆಸುತ್ತಿದ್ದಳೆಂದು ಕಾಣುತ್ತದೆ.

“ಡಬ್ಬದಲ್ಲಿ ಮುಚ್ಚಿಡಕ್ಕೆ ಮನಸ್ಸು ಬರಲಿಲ್ಲ ಕಣೋ. ಬೆಳಿಗ್ಗೆ ಬಿಸಿಲು ಬಿದ್ರೆ ಗೋಡೆ ತುಂಬ ಕಾಮನಬಿಲ್ಲು. ಒಬ್ಬಳೇ ಕೂತು ಕಾಫಿ ಕುಡಿಯೋವಾಗ ಅದೊಂದು ಜೊತೆ ನನಗೆ.”

ಡಿಸ್ಕಿನ ಬಣ್ಣ ಹಾರಿ ಗಾಜಿನಂತೆ ತಿಳಿಯಾಗಿತ್ತು. ಅದರ ಮೂಲಕ ಅವನಿಗೆ ತನ್ನ ಬೆರಳುಗಳು ಕಂಡವು. ಯಂತ್ರಕ್ಕೆ ಹಾಕುವ ಅಗತ್ಯವೇ ಇರಲಿಲ್ಲ, ಆದರೂ ತಂದು ಹಾಕಿದ. ಖಾಲಿ ಎಂದಿತು ಯಂತ್ರ.

ಆ ಮಧ್ಯಾಹ್ನ ಅವನು ಇನ್ನೊಂದು ಕೆಲಸ ಮಾಡಿದ. ಮಾಡಬಾರದಿತ್ತು. ಹದಿನಾಲ್ಕು ವರ್ಷದ ಹಿಂದಿನ ಅದೇ ದಿನದ ಸಾಮಾನ್ಯ ಡಿಸ್ಕನ್ನು ಕಪಾಟಿನಿಂದ ತೆಗೆದು ಹಾಕಿದ. ಯಂತ್ರ ಉಸಿರೆತ್ತದೆ ಓದಿತು. ನಲವತ್ತಾರನೆಯ ನಂಬರು, ಯಾರೋ ಮುದುಕನ ಮೊಣಕಾಲು, ನಿನ್ನೆ ತೆಗೆದಷ್ಟು ನಿಚ್ಚಳವಾಗಿತ್ತು. ನಲವತ್ತೆಂಟು, ಯಾವುದೋ ಮಗು ನುಂಗಿದ್ದ ಗುಂಡಿ, ಗುಂಡಿಯ ನಾಲ್ಕು ತೂತು ಎಣಿಸಬಹುದಿತ್ತು. ಕೊನೆಯ ರೋಗಿಯ ಕೊನೆಯ ಚಿತ್ರದವರೆಗೆ ಎಲ್ಲವೂ ಇದ್ದವು. ಮಧ್ಯದಲ್ಲಿ, ಅವನದೇ ಬೆರಳು ಒತ್ತಿ ಬರೆದ ಒಂದು ಸಾಲು: ನಲವತ್ತೇಳು, ಪ್ರತ್ಯೇಕವಾಗಿ ಇಡಲಾಗಿದೆ.

ಊರವರನ್ನೆಲ್ಲ ಕಾಪಾಡಿದ್ದ. ಏನೂ ಮಾಡದೆ, ಎಲ್ಲರ ಜೊತೆ ಬಿಟ್ಟಿದ್ದರೆ ಅಕ್ಕನೂ ಅಲ್ಲೇ ಇರುತ್ತಿದ್ದಳು. ಮಾಸ್ತರ ಮೇಜಿನ ಮೇಲೆ ತಲೆಯಿಟ್ಟು, ತೇವ ಹೀರುವ ಯಂತ್ರದ ಗೊರಕೆಯ ಮರೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತ.

ಆಪರೇಷನ್ನಿನ ಹಿಂದಿನ ದಿನ ಅಕ್ಕನ ಹಾಸಿಗೆಯ ಪಕ್ಕ ಕೂತು ಹೇಳಿಬಿಡಬೇಕೆಂದು ಬಾಯಿ ತೆರೆದ.

“ಅಕ್ಕ, ಆ ಡಿಸ್ಕು ಹಾಳಾಗಿದ್ದು...”

“ಇನ್ನೂ ಅದನ್ನೇ ಹಿಡ್ಕೊಂಡು ಕೂತಿದೀಯಾ? ವಸ್ತು ಅಂದ್ಮೇಲೆ ಹಾಳಾಗುತ್ತೆ. ನೀನು ಬೇರೆಯಾಗಿ ಇಟ್ಟಿದ್ದಕ್ಕೆ ಅಷ್ಟಾದ್ರೂ ಸಿಕ್ತು. ಎಲ್ಲರ ಜೊತೆ ಹಾಕಿದ್ರೆ ಅದೂ ಇರ್ತಿರಲಿಲ್ಲ.” ಅವನ ಬೋಳು ತಲೆಯನ್ನು ಸವರಿದಳು. “ನೀನು ಊಟ ಮಾಡಿದ್ಯಾ?”

ಊಟ ಆಯ್ತು ಎಂದ. ಆಗಿರಲಿಲ್ಲ.

ಶ್ವಾಸಕೋಶದ ಮೇಲಿನ ತುಂಡನ್ನು ತೆಗೆದರು. ಒಂಬತ್ತು ದಿನ ಬಿಟ್ಟು ಪರೀಕ್ಷೆಯ ವರದಿ ಬಂತು. ಹಳೆಯ ಗಾಯದ ಗುರುತು, ಒಣಗಿ ಗಂಟುಗಟ್ಟಿದೆ, ಇಪ್ಪತ್ತು ಮೂವತ್ತು ವರ್ಷದ್ದಿರಬೇಕು, ಕೆಟ್ಟದ್ದೇನೂ ಇಲ್ಲ. ಹಾಸಿಗೆಯ ಸುತ್ತ ನಿಂತವರೆಲ್ಲ ನಕ್ಕರು. ಮಾಸ್ತರನ ಹೆಂಡತಿ ಕಣ್ಣೊರೆಸಿಕೊಂಡಳು. ಎಲ್ಲರಿಗೂ ಅದು ಸಂತೋಷದ ಸುದ್ದಿ. ಎದೆಯ ಡಾಕ್ಟರು ಮಾತ್ರ ಒಂದು ಸಲ ಮಾಸ್ತರನ ಮುಖ ನೋಡಿದರು, ಆಮೇಲೆ ಬೇರೆ ಕಡೆ ನೋಡಿದರು. ಬಾಗಿಲ ಹೊರಗೆ ಕರೆದು ಹೇಳಿದರು: ಗಾಯದ ಪಕ್ಕದಲ್ಲೇ ಧ್ವನಿಯ ನರ ಹಾದುಹೋಗುತ್ತದೆ, ಎಷ್ಟು ಎಚ್ಚರವಾಗಿದ್ದರೂ ಅದಕ್ಕೆ ಪೆಟ್ಟು ಬಿದ್ದಿದೆ. ಧ್ವನಿ ಮರಳಬಹುದು, ಮರಳದೆಯೂ ಇರಬಹುದು.

ಅಕ್ಕ ಮನೆಗೆ ಹೋದಳು. ಪಿಸುಮಾತಿನಂಥ, ಗಾಳಿ ಸೋರುವ ಧ್ವನಿಯಲ್ಲಿ ಮಾತಾಡುತ್ತಿದ್ದಳು. ಹತ್ತಿರ ಕೂತವರಿಗೆ ಅರ್ಥವಾಗುತ್ತಿತ್ತು. ಮೊದಲ ಮೂರು ತಿಂಗಳು ಅವಳು ಎಲ್ಲಿಗೂ ಹೋಗಲಿಲ್ಲ, ಮಾಸ್ತರನೇ ದಿನಾ ಸಂಜೆ ಅವಳ ಮನೆಗೆ ಹೋಗಿ ಬರುತ್ತಿದ್ದ. ಹೋದಾಗಲೆಲ್ಲ ಹೇಳಬೇಕೆಂದುಕೊಳ್ಳುತ್ತಿದ್ದ, ಹೇಳದೆ ಬರುತ್ತಿದ್ದ. ಅವಳು ಕಿಟಕಿಯಲ್ಲಿ ಖಾಲಿಯಾದ ಮರದ ಸ್ಟ್ಯಾಂಡನ್ನು ಹಾಗೇ ಇಟ್ಟಿದ್ದಳು. “ಅದರಲ್ಲಿ ಏನೂ ಇಲ್ಲ ಅಂದ್ಮೇಲೆ ಆ ಡಿಸ್ಕು ವಾಪಸ್ ತಂದು ಕೊಡೋ, ಕಾಮನಬಿಲ್ಲಿಗಾದ್ರೂ ಆಗುತ್ತೆ” ಎಂದಳು ಒಮ್ಮೆ. ತಂದು ಕೊಟ್ಟ.

ನಾಲ್ಕನೆಯ ತಿಂಗಳಲ್ಲಿ ಒಂದು ರಜೆಯ ದಿನ, ಬೆಳಿಗ್ಗೆ ಹತ್ತು ಗಂಟೆಗೆ, ಮಾಸ್ತರ ಪತ್ರಿಕೆ ಓದುತ್ತ ಕೂತಿದ್ದ. ಕಾಲು ಹಿಡಿದಂತಾಗಿ ಎದ್ದು ಕಿಟಕಿಯ ಹತ್ತಿರ ಹೋದ. ಎದುರಿನ ಕ್ಷೌರದಂಗಡಿಯವನು ಕೈಯಲ್ಲಿ ಕತ್ತಿ ಹಿಡಿದುಕೊಂಡೇ ಅಂಗಡಿಯ ಹೊರಗೆ ನಿಂತು ಮೇಲೆ ನೋಡುತ್ತಿದ್ದ. ಮಾಸ್ತರನನ್ನು ಕಂಡದ್ದೇ ಕೈ ಬೀಸಿ, ಕೆಳಗೆ, ಕೆಳಗೆ ಎಂದು ಸನ್ನೆ ಮಾಡಿದ.

ಮಾಸ್ತರ ಬಗ್ಗಿ ನೋಡಿದ. ಫುಟ್‌ಪಾತಿನಲ್ಲಿ ಅಕ್ಕ ನಿಂತಿದ್ದಳು. ಒಂದು ಕೈ ಸೊಂಟದ ಮೇಲೆ, ಕತ್ತು ಮೇಲೆ, ಕಣ್ಣು ಬಿಸಿಲಿಗೆ ಕಿರಿದಾಗಿದ್ದವು. ಬಾಯಿ ದುಂಡಗೆ ತೆರೆದಿತ್ತು. ತೆರೆದೇ ಇತ್ತು. ಆಮೇಲೆ ಮುಚ್ಚಿ, ಎದೆ ಹಿಡಿದು ಉಸಿರು ತೆಗೆದುಕೊಂಡು, ಮತ್ತೆ ದುಂಡಗೆ ತೆರೆದಳು. ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿತು, ಯಾರದೋ ಮನೆಯ ರೇಡಿಯೋ ಕೇಳಿತು. ಅವಳದು ಒಂದಿಷ್ಟೂ ಕೇಳಲಿಲ್ಲ.

ಅವನು ಚಪ್ಪಲಿ ಹಾಕದೆ ಓಡಿ ಇಳಿದ. ಅಗುಳಿ ತೆಗೆದ.

“ಎಷ್ಟು ಹೊತ್ತಿಂದ ಕೂಗ್ತಿದೀನಿ!” ಬೆವರಿದ ಮುಖದಲ್ಲಿ, ಗಾಳಿ ಸೋರುವ ಧ್ವನಿಯಲ್ಲಿ ಅಕ್ಕ ರೇಗಿದಳು. “ಗಂಟಲು ಹರಿದು ಹೋಯ್ತು. ಕಿವಿ ಕೇಳ್ಸಲ್ವೇನೋ ನಿನಗೆ?”

ಅವಳ ಮುಖವನ್ನು ಹುಡುಕಿ ನೋಡಿದ. ತಮಾಷೆ ಇರಲಿಲ್ಲ. ತನ್ನ ಕೂಗು ಮೂರನೆಯ ಮಹಡಿ ಮುಟ್ಟುತ್ತಿದೆಯೆಂದೇ ಅವಳು ನಂಬಿದ್ದಳು. ಕ್ಷೌರದಂಗಡಿಯವನು ಒಳಗೆ ಹೋಗಿಬಿಟ್ಟ.

“ಹೂಂ ಅಕ್ಕ” ಎಂದ ಮಾಸ್ತರ. “ಈಚೆಗೆ ನನಗೆ ಕಿವಿ ಸ್ವಲ್ಪ ಮಂದ.”

“ಮತ್ತೆ ಡಾಕ್ಟರಿಗೆ ತೋರಿಸ್ಬಾರ್ದಾ? ಅಲ್ಲೇ ಇರ್ತೀಯ, ಅಷ್ಟೂ ಆಗಲ್ವಾ?” ಅವನ ಕಿವಿಯನ್ನು ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದಂತೆ ಹಿಡಿದು ಎಳೆದಳು. “ತೋರಿಸು. ಸ್ಕ್ಯಾನು ಗೀನು ಮಾಡಿದ್ರೆ, ನನ್ನದು ಇಟ್ಟಿದ್ಯಲ್ಲ, ಹಾಗೇ ನಿನ್ನದೂ ಬೇರೆಯಾಗಿ ಜೋಪಾನ ಮಾಡಿಟ್ಕೋ.”

“ಆಗಲಿ ಅಕ್ಕ” ಎಂದ.

ಅವಳು ಮುಂದೆ ಹತ್ತಿದಳು. ಆರು ಮೆಟ್ಟಿಲಿಗೊಮ್ಮೆ ಕಂಬಿ ಹಿಡಿದು ನಿಲ್ಲುತ್ತಿದ್ದಳು. ಅವನು ಎರಡು ಮೆಟ್ಟಿಲು ಕೆಳಗೆ ನಿಂತು, ಅವಳಿಗೆ ಉಸಿರು ಬರುವವರೆಗೆ ಕಾಯುತ್ತಿದ್ದ.